ಭಯಾನಕ ಕಾದಂಬರಿಯ ವಿಮರ್ಶೆ: ಯಾವ ಭಯ, ಯಾರ ಭಯ

ಹಾರರ್ ಕಾದಂಬರಿಯೊಂದನ್ನು ಓದಬಹುದೇ ಎಂದು ಓದುಗರಿಗೆ ಹೇಳಹೊರಟ ವಿಮರ್ಶೆಗೆ ಮೊದಲ ಹೆಜ್ಜೆಯಲ್ಲೇ ಒಂದು ತೊಡಕು ಎದುರಾಗುತ್ತದೆ. ಬದುಕಿನಲ್ಲಿ ಭಯವನ್ನು ಬೇಕೆಂದು ಮನೆಗೆ ಕರೆಯುವವರಿಲ್ಲ. ಅದನ್ನು ದೂರವಿಡಲು ಮನುಷ್ಯ ಬಾಗಿಲಿಗೆ ಚಿಲಕ ಹಾಕುತ್ತಾನೆ, ದೇವರಿಗೆ ಹರಕೆ ಹೊರುತ್ತಾನೆ, ಮಗುವಿನ ಕೈಗೆ ತಾಯತ ಕಟ್ಟುತ್ತಾನೆ. ಅದೇ ಮನುಷ್ಯ ದುಡ್ಡು ಕೊಟ್ಟು ಪುಸ್ತಕ ಕೊಂಡು, ಮನೆಮಂದಿ ಮಲಗಿದ ಮೇಲೆ ದೀಪದ ಕೆಳಗೆ ಕೂತು ಹೆದರುತ್ತಾನೆ. ಈ ಬಯಕೆ ಎಲ್ಲಿಂದ ಬಂತು, ಅದು ಸರಿಯೇ, ಅದರಿಂದ ಏನು ದಕ್ಕುತ್ತದೆ ಎಂಬುದನ್ನು ಯೋಚಿಸದೆ ಪುಸ್ತಕ ಚೆನ್ನಾಗಿದೆ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಬರೆಯುವವರಿಗೆ ಗೊತ್ತಿರಲಿ ಬಿಡಲಿ, ಈ ಬಗೆಯ ವಿಮರ್ಶೆ ನಿಂತಿರುವುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದರ ಮೇಲೆ.

ಇಂಗ್ಲಿಷಿನಲ್ಲಿ ಈ ಪ್ರಕಾರದ ಆರಂಭವನ್ನು ಹೊರೇಸ್ ವಾಲ್‌ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಕಾದಂಬರಿಯಿಂದ ಎಣಿಸುವುದು ರೂಢಿ. 1764ರಲ್ಲಿ ಅಚ್ಚಾದಾಗ ಅದರ ಮೇಲೆ ಅವನ ಹೆಸರಿರಲಿಲ್ಲ. ಹಳೆಯ ಇಟಾಲಿಯನ್ ಗ್ರಂಥವೊಂದರ ಅನುವಾದವೆಂದು ಓದುಗರನ್ನು ನಂಬಿಸಲಾಗಿತ್ತು. ಮರುವರ್ಷ ಎರಡನೆಯ ಮುದ್ರಣ ಬಂದಾಗ ವಾಲ್‌ಪೋಲ್ ತಾನೇ ಕರ್ತೃವೆಂದು ಒಪ್ಪಿಕೊಂಡ. ಮೊದಲು ಮೆಚ್ಚಿ ಬರೆದಿದ್ದ ‘ಮಂತ್ಲಿ ರಿವ್ಯೂ’ ಪತ್ರಿಕೆ ಆಗ ತಿರುಗಿಬಿತ್ತು. ಮೂಢನಂಬಿಕೆಯ ಕಾಲದ ಬರಹಗಾರನಿಗೆ ತೋರಬಹುದಾದ ರಿಯಾಯಿತಿಯನ್ನು ತಿಳಿವಳಿಕೆಯ ಕಾಲದ ವಿದ್ಯಾವಂತನಿಗೆ ತೋರಲಾಗದು ಎಂಬುದು ಅದರ ನಿಲುವು. ಕಥೆ ಅದೇ, ಆಕಾಶದಿಂದ ಬಿದ್ದು ರಾಜಕುಮಾರನನ್ನು ಜಜ್ಜುವ ದೈತ್ಯ ಶಿರಸ್ತ್ರಾಣವೂ ಅದೇ. ವಿಮರ್ಶಕ ತೂಗಿದ್ದು ಭಯವನ್ನಲ್ಲ, ಭಯ ಹುಟ್ಟಿಸಿದವನ ನಂಬಿಕೆಯನ್ನು. ಈ ಅಡ್ಡದಾರಿ ಇಂದಿಗೂ ಮುಚ್ಚಿಲ್ಲ. ದೆವ್ವವೇ ಇಲ್ಲದಿರುವಾಗ ದೆವ್ವದ ಕಥೆಯೇಕೆ ಎಂದು ಕೇಳಿ ಇಡೀ ಪ್ರಕಾರವನ್ನೇ ತಳ್ಳಿಹಾಕುವವರು ಎಲ್ಲ ಭಾಷೆಗಳಲ್ಲೂ ಇದ್ದಾರೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಪ್ಲೇಟೋನದು. ‘ರಿಪಬ್ಲಿಕ್’ ಗ್ರಂಥದ ಮೂರನೆಯ ಭಾಗದಲ್ಲಿ ಅವನು ಪಾತಾಳದ ನದಿಗಳ, ಪ್ರೇತಗಳ ಹೆಸರೆತ್ತಿ ಮೈ ನಡುಗಿಸುವ ಕಾವ್ಯವನ್ನು ನಗರದ ಕಾವಲುಗಾರರಿಂದ ದೂರ ಇಡಬೇಕೆನ್ನುತ್ತಾನೆ. ಸಾವಿಗೆ ಹೆದರುವವನು ಯುದ್ಧದಲ್ಲಿ ನಿಲ್ಲಲಾರ ಎಂಬುದು ಅವನ ವಾದ. ನಾಲ್ಕನೆಯ ಭಾಗದಲ್ಲಿ ಲಿಯಾಂಟಿಯಸ್ ಎಂಬವನ ಪ್ರಸಂಗ ಬರುತ್ತದೆ. ವಧಾಸ್ಥಾನದ ಬಳಿ ಬಿದ್ದಿದ್ದ ಹೆಣಗಳನ್ನು ನೋಡಲೂ ಆಗದೆ, ನೋಡದೆ ಇರಲೂ ಆಗದೆ ಅವನು ಒದ್ದಾಡುತ್ತಾನೆ. ಕೊನೆಗೆ ತನ್ನ ಕಣ್ಣುಗಳನ್ನೇ ಶಪಿಸುತ್ತ ಓಡಿಹೋಗಿ ನೋಡುತ್ತಾನೆ. ಸಂತ ಅಗಸ್ಟೀನನೂ ‘ಕನ್ಫೆಷನ್ಸ್’ನಲ್ಲಿ ಛಿದ್ರವಾದ ಶವದ ಸುತ್ತ ಸೇರುವ ಜನರನ್ನು ನೆನೆದು, ಅದನ್ನು ಕಣ್ಣಿನ ಚಪಲವೆಂದು ಕರೆದ. ಅರಿಸ್ಟಾಟಲ್ ಮಾತ್ರ ಬೇರೆ ದಾರಿ ಹಿಡಿದ. ನೇರವಾಗಿ ಕಂಡರೆ ಸಂಕಟವಾಗುವ ಹೆಣ, ಹೇಸಿಗೆಯ ಪ್ರಾಣಿಗಳ ಚಿತ್ರವನ್ನು ಮನುಷ್ಯ ಸಂತೋಷದಿಂದ ನೋಡುತ್ತಾನೆ, ಏಕೆಂದರೆ ಅದರಿಂದ ಏನನ್ನೋ ಅರಿಯುತ್ತಾನೆ ಎಂದು ಅವನು ‘ಕಾವ್ಯಮೀಮಾಂಸೆ’ಯಲ್ಲಿ ಹೇಳಿದ. ಭಯ ಹುಟ್ಟಬೇಕಾದ್ದು ಕಥೆಯ ಕಟ್ಟಡದಿಂದ, ರಂಗದ ಮೇಲಿನ ವಿಕಾರ ಪ್ರದರ್ಶನದಿಂದಲ್ಲ ಎಂದೂ ಸೇರಿಸಿದ. ಹಾರರ್ ವಿಮರ್ಶಕನಿಗೆ ಈ ಎರಡನೆಯ ಮಾತು ಇಂದಿಗೂ ಕೆಲಸಕ್ಕೆ ಬರುವ ಅಳತೆಗೋಲು.

ಆದರೂ ಇದನ್ನೆಲ್ಲ ಹೆಚ್ಚು ಸೂಕ್ಷ್ಮವಾಗಿ ಬಿಡಿಸಿದ್ದು ಭಾರತೀಯ ರಸಚಿಂತನೆ. ಭರತನ ‘ನಾಟ್ಯಶಾಸ್ತ್ರ’ ಎಂಟು ರಸಗಳಲ್ಲಿ ಭಯಾನಕವನ್ನೂ ಬೀಭತ್ಸವನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಒಂದರ ಸ್ಥಾಯಿ ಭಯ, ಇನ್ನೊಂದರದು ಜುಗುಪ್ಸೆ. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ ಎಂದು ಹೇಳಿ ಎರಡರ ನಂಟನ್ನೂ ಗುರುತಿಸುತ್ತದೆ. ಭಯಾನಕದ ಕಾರಣಗಳೆಂದು ಅಲ್ಲಿ ಪಟ್ಟಿಮಾಡಿದ ಸಂಗತಿಗಳನ್ನು ಗಮನಿಸಬೇಕು: ವಿಕಾರವಾದ ಕೂಗು, ಭೂತದ ದರ್ಶನ, ಯುದ್ಧ, ಕಾಡು, ಪಾಳುಮನೆ, ಹಿರಿಯರಿಗೆ ಅಥವಾ ಅರಸನಿಗೆ ಎಸಗಿದ ತಪ್ಪು. ಪಾಳುಮನೆಯೊಂದನ್ನೇ ಹಿಡಿದು ಪಶ್ಚಿಮದಲ್ಲಿ ಎರಡೂವರೆ ಶತಮಾನಗಳಿಂದ ಕಾದಂಬರಿಗಳು ಬರುತ್ತಿವೆ. ಅದೇ ಅಧ್ಯಾಯದಲ್ಲಿ ಭಯಾನಕವನ್ನು ಮೂರಾಗಿ ಒಡೆಯುವ ಮಾತೂ ಇದೆ. ಸೋಗಿನಿಂದ ಬಂದದ್ದು, ಅಪರಾಧದಿಂದ ಬಂದದ್ದು, ಬೆಚ್ಚಿಬೀಳಿಸುವುದರಿಂದ ಬಂದದ್ದು. ಇಂದಿನ ಹಾರರ್ ಕಪಾಟನ್ನು ವಿಂಗಡಿಸಲು ಇದಕ್ಕಿಂತ ಒಳ್ಳೆಯ ವರ್ಗೀಕರಣ ಸಿಗುವುದು ಕಷ್ಟ.

ಭಯ ರಸವಾಗುವುದು ಹೇಗೆ ಎಂಬುದಕ್ಕೆ ಅಭಿನವಗುಪ್ತ ‘ನಾಟ್ಯಶಾಸ್ತ್ರ’ದ ತನ್ನ ವ್ಯಾಖ್ಯಾನ ‘ಅಭಿನವಭಾರತಿ’ಯಲ್ಲಿ ಎತ್ತಿಕೊಂಡ ಉದಾಹರಣೆ ಕಾಳಿದಾಸನ ‘ಶಾಕುಂತಲ’ದ ಮೊದಲ ಅಂಕದ್ದು. ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆ ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತದೆ. ಅರ್ಧ ಅಗಿದ ಹುಲ್ಲು ಬಾಯಿಂದ ದಾರಿಯಲ್ಲಿ ಉದುರುತ್ತದೆ. ಈ ಶ್ಲೋಕವನ್ನು ಕೇಳುವ ಸಹೃದಯನ ಮನಸ್ಸಿನಲ್ಲಿ ಜಿಂಕೆಗೆ ಇಂಥದೇ ಎಂಬ ಗುರುತಿಲ್ಲ; ಹೆದರಿಸುವವನೂ ಅಲ್ಲಿ ವಾಸ್ತವದಲ್ಲಿ ಇಲ್ಲ. ಹಾಗಾಗಿ ಉಳಿಯುವುದು ದೇಶಕಾಲಗಳ ಕಟ್ಟು ಕಳಚಿದ ಭಯವೊಂದೇ. ‘ನಾನು ಹೆದರಿದ್ದೇನೆ’, ‘ಅವನು ಹೆದರಿದ್ದಾನೆ’, ‘ಹೆದರಿದವನು ನನ್ನ ಶತ್ರು’ ಎಂಬ ಅರಿವುಗಳು ಸುಖವನ್ನೋ ದುಃಖವನ್ನೋ ತಂದು, ಅದನ್ನು ಪಡೆಯುವ ಇಲ್ಲವೇ ಬಿಡುವ ಆತುರ ಹುಟ್ಟಿಸುತ್ತವೆ. ಕಾವ್ಯದ ಭಯ ಅವುಗಳಿಂದ ಬೇರೆ, ಅದನ್ನು ಸವಿಯಬಹುದು. ರಸಚಿಂತಕ ಭಟ್ಟನಾಯಕ ಸಾಧಾರಣೀಕರಣವೆಂದು ಕರೆದದ್ದೂ ಇದನ್ನೇ. ಭಯ ತನ್ನದಾಗಿಯೂ ಉಳಿಯದೆ, ಪರರದೂ ಆಗದೆ, ಮನುಷ್ಯಮಾತ್ರದ್ದಾಗುವ ಸ್ಥಿತಿ ಅದು.

ಈ ಮಾತಿನ ತೂಕ ತಿಳಿಯಬೇಕಾದರೆ ಯಕ್ಷಗಾನದ ಚೌಕಿಯಿಂದ ಬಣ್ಣದ ವೇಷ ಹೊರಡುವ ಹೊತ್ತನ್ನು ನೆನೆಯಬೇಕು. ಅಕ್ಕಿಹಿಟ್ಟಿನ ಚಿಟ್ಟಿಯಿಟ್ಟ ರಾಕ್ಷಸಮುಖ ಅಬ್ಬರಿಸುತ್ತ ರಂಗಕ್ಕೆ ಬಂದಾಗ ಮುಂದಿನ ಸಾಲಿನ ಮಗು ಚೀರಿ ಅಮ್ಮನ ಸೆರಗು ಹಿಡಿಯುತ್ತದೆ; ಪಕ್ಕದಲ್ಲಿ ಕೂತ ಅಜ್ಜ ಅದೇ ಅಬ್ಬರಕ್ಕೆ ತಲೆದೂಗುತ್ತಾನೆ. ವೇಷ ಒಂದೇ. ಮಗುವಿನ ಭಯ ಅದರದೇ ಆಗಿ ಉಳಿದಿದೆ, ಅಜ್ಜನಲ್ಲಿ ರಸವಾಗಿದೆ. ಪುಸ್ತಕದ ಭಯವೂ ಯಾವ ಓದುಗನಲ್ಲಿ ಯಾವುದಾಗುತ್ತದೆ ಎಂಬುದನ್ನು ಮುಂಚಿತವಾಗಿ ಅಂದಾಜಿಸುವುದು ಹಾರರ್ ವಿಮರ್ಶಕನ ಮುಖ್ಯ ಕೆಲಸ. ಇದು ಎಷ್ಟು ಹೆದರಿಸುತ್ತದೆ ಎಂದು ನಕ್ಷತ್ರಗಳಲ್ಲಿ ಅಂಕ ಕೊಡುವ ಪದ್ಧತಿ ಸೋಲುವುದೂ ಇಲ್ಲೇ. ಅತಿಯಾಗಿ ಹೆದರಿಸಿ ಓದುಗನನ್ನು ಅವನ ಸ್ವಂತ ಭಯದೊಳಕ್ಕೇ ದೂಡುವ ಪುಸ್ತಕಕ್ಕೆ ಆ ಲೆಕ್ಕದಲ್ಲಿ ಹೆಚ್ಚು ಅಂಕ ಬೀಳುತ್ತದೆ. ರಸದ ಲೆಕ್ಕದಲ್ಲಿ ಅದು ಸೋತಿರುತ್ತದೆ.

ಭರತನ ಮೂರು ಬಗೆಗಳಿಗೆ ಮರಳಿದರೆ, ಬೆಚ್ಚಿಬೀಳಿಸುವ ಭಯ ಸಿನಿಮಾಕ್ಕೆ ಒದಗಿದಷ್ಟು ಕಾದಂಬರಿಗೆ ಒದಗುವುದಿಲ್ಲ. ಪುಟ ತಿರುಗಿಸುವ ಕೈ ಓದುಗನದೇ ಆದ್ದರಿಂದ ತಟ್ಟನೆ ಎರಗುವ ಶಬ್ದವಾಗಲಿ ಮುಖವಾಗಲಿ ಅಲ್ಲಿಲ್ಲ. ಸೋಗಿನ ಭಯದಲ್ಲಿ ಕೊನೆಗೆ ಎಲ್ಲವೂ ಯಾರೋ ಹೂಡಿದ ಆಟವೆಂದು ಬಯಲಾಗುತ್ತದೆ. ಆನ್ ರ‍್ಯಾಡ್‌ಕ್ಲಿಫ್ 1790ರ ದಶಕದ ತನ್ನ ಕಾದಂಬರಿಗಳಲ್ಲಿ ಕಂಡ ದೆವ್ವಕ್ಕೆಲ್ಲ ಕೊನೆಯಲ್ಲಿ ಲೌಕಿಕ ಕಾರಣ ಕೊಟ್ಟಿದ್ದು ಈ ಬಗೆಯದು. ಇದು ಹಿತವಾದ ಓದು, ಆದರೆ ಮುಗಿದ ಮೇಲೆ ಒಳಗೆ ಹೆಚ್ಚೇನೂ ಉಳಿಯುವುದಿಲ್ಲ. ಈ ಪ್ರಕಾರದಲ್ಲಿ ಬಹುಕಾಲ ಬಾಳಿರುವ ಕೃತಿಗಳೆಲ್ಲ, ಕೆದಕಿ ನೋಡಿದರೆ, ಅಪರಾಧದ ಭಯದವು.

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ (1818) ಇದಕ್ಕೆ ಮೊದಲ ಸಾಕ್ಷಿ. ವಿಕ್ಟರ್ ಎಸಗಿದ ತಪ್ಪು ಜೀವವನ್ನು ಸೃಷ್ಟಿಸಿದ್ದಷ್ಟೇ ಎಂದುಕೊಂಡರೆ ಪುಸ್ತಕ ಅರ್ಧ ತಪ್ಪಿಹೋಗುತ್ತದೆ. ಕಣ್ಣು ತೆರೆದ ಕೂಸನ್ನು ಹೇಸಿ ಬಿಟ್ಟೋಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಆಮೇಲೆ ಬರುವ ಕೊಲೆಗಳೆಲ್ಲ ಆ ತೊರೆದುಹೋಗುವಿಕೆಯ ಫಲ. ಸ್ಟೀಫನ್ ಕಿಂಗ್ ಅವರ ‘ದಿ ಶೈನಿಂಗ್’ (1977) ಕಾದಂಬರಿಯಲ್ಲಿ ಹಿಮ ಮುಚ್ಚಿದ ಕೊಲರಾಡೊದ ಹೋಟೆಲಿನಲ್ಲಿ ದೆವ್ವಗಳಿವೆ, ನಿಜ. ಆದರೆ ಜ್ಯಾಕ್ ಟಾರೆನ್ಸ್ ಆ ಹೋಟೆಲಿಗೆ ಕಾಲಿಡುವ ಮುಂಚೆಯೇ ಕುಡಿದ ಕೋಪದಲ್ಲಿ ಮಗನ ಕೈ ಮುರಿದಿದ್ದಾನೆ. ಹೋಟೆಲು ಅವನಿಗೆ ಹೊಸದೇನನ್ನೂ ಕೊಡುವುದಿಲ್ಲ, ಇದ್ದದ್ದನ್ನೇ ಬೆಳೆಸುತ್ತದೆ. ಶರ್ಲಿ ಜ್ಯಾಕ್ಸನ್ ಅವರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (1959) ಇನ್ನೂ ನಯ. ಹನ್ನೊಂದು ವರ್ಷ ಕಾಯಿಲೆಯ ತಾಯಿಯ ಸೇವೆಯಲ್ಲೇ ಕಳೆದ ಎಲೀನರಳಿಗೆ, ತಾಯಿ ಗೋಡೆ ಬಡಿದು ಕರೆದ ಕೊನೆಯ ರಾತ್ರಿ ತಾನು ಎದ್ದು ಹೋಗಲಿಲ್ಲವೇನೋ ಎಂಬ ಕೊರೆತವಿದೆ. ಆ ಮನೆಯಲ್ಲಿ ರಾತ್ರಿ ಕೇಳುವುದೂ ಬಡಿತವೇ. ಜ್ಯಾಕ್ಸನ್ ಈ ಎರಡು ಬಡಿತಗಳ ನಂಟನ್ನು ವಿವರಿಸಲು ಹೋಗುವುದಿಲ್ಲ, ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗುತ್ತಾರೆ. ಕಾದಂಬರಿಯ ಕಸುಬು ಇದಕ್ಕಿಂತ ಮೇಲೇರುವುದು ಅಪರೂಪ.

ಅಪರಾಧಕ್ಕೂ ಭಯಕ್ಕೂ ಇರುವ ಈ ನಂಟು ಬುದ್ಧನ ಮಾತುಗಳಲ್ಲೂ ಕಾಣುತ್ತದೆ. ಪಾಲಿಯ ‘ಮಜ್ಝಿಮ ನಿಕಾಯ’ದ ‘ಭಯಭೇರವ ಸುತ್ತ’ದಲ್ಲಿ ಅವನು ಬೋಧಿಗೆ ಮುಂಚಿನ ದಿನಗಳನ್ನು ನೆನೆಯುತ್ತಾನೆ. ಕಾಡಿನಲ್ಲಿ ಒಂಟಿಯಾಗಿರುವವರಿಗೆ ಭಯ ಬರುವುದು ಅವರ ನಡೆ, ನುಡಿ, ಮನಸ್ಸುಗಳಲ್ಲಿನ ಅಶುದ್ಧಿಯ ಕಾರಣದಿಂದ ಎಂಬುದು ಅವನು ಕಂಡುಕೊಂಡದ್ದು. ಆ ಭಯವನ್ನೇ ಕಾಣಲು ಜನ ಹೆದರುವ ಚೈತ್ಯಗಳಿಗೆ, ಪರ್ವದ ರಾತ್ರಿಗಳಲ್ಲಿ ತಾನೇ ಹೋಗಿ ಕೂತ. ಮೃಗ ಸುಳಿದಾಗ, ನವಿಲು ಕಡ್ಡಿ ಬೀಳಿಸಿದಾಗ, ಗಾಳಿಗೆ ಎಲೆ ಸದ್ದಾದಾಗ ಭಯ ಬರುತ್ತಿತ್ತು. ನಡೆಯುತ್ತಿದ್ದಾಗ ಬಂದರೆ ನಡೆಯುತ್ತಲೇ, ಕೂತಿದ್ದಾಗ ಬಂದರೆ ಕೂತೇ, ಅದು ಅಡಗುವ ತನಕ ಭಂಗಿ ಬದಲಿಸದೆ ಎದುರಿಸಿದ. ಕಾದಂಬರಿ ಓದುವುದನ್ನು ಸಾಧನೆಯೆಂದು ಕರೆಯುವಂತಿಲ್ಲ. ಆದರೂ ಒಳ್ಳೆಯ ಹಾರರ್ ಕೃತಿ ಓದುಗನನ್ನು ಇದೇ ಸ್ಥಳಕ್ಕೆ ತಂದು ಕೂರಿಸುತ್ತದೆ. ಎದ್ದು ಓಡದೆ ತನ್ನ ಭಯದ ಮೂಲವನ್ನು ನೋಡುವಷ್ಟು ಹೊತ್ತು ಕೊಡುತ್ತದೆ. ಪ್ಲೇಟೋನ ಆಕ್ಷೇಪಕ್ಕೆ ಇದೇ ಉತ್ತರ. ಭಯವನ್ನೇ ಕಾಣದೆ ಬೆಳೆದ ಕಾವಲುಗಾರನಿಗೆ ಧೈರ್ಯ ಬರುವ ದಾರಿಯೂ ಇರುವುದಿಲ್ಲ.

ಭಯಕ್ಕೂ ಜುಗುಪ್ಸೆಗೂ ಇರುವ ಗೆರೆಯನ್ನು ಪಶ್ಚಿಮದವರೂ ಎಳೆದಿದ್ದಾರೆ. ರ‍್ಯಾಡ್‌ಕ್ಲಿಫ್‌ಳ ಮರಣಾನಂತರ 1826ರಲ್ಲಿ ಪ್ರಕಟವಾದ ಪ್ರಬಂಧ, ಆತ್ಮವನ್ನು ಅರಳಿಸುವ ಭೀತಿಯೊಂದನ್ನೂ ಅದನ್ನು ಮುದುಡಿಸಿ ಹೆಪ್ಪುಗಟ್ಟಿಸುವ ಇನ್ನೊಂದನ್ನೂ ಬೇರ್ಪಡಿಸುತ್ತದೆ. ಕಿಂಗ್ 1981ರ ‘ಡಾನ್ಸ್ ಮಕಾಬ್ರ್’ನಲ್ಲಿ ಭಯದ ಮೂರು ಮೆಟ್ಟಿಲು ಹೇಳಿ, ಮೇಲಿನದು ಒಲಿಯದಾಗ ಕೆಳಗಿನದಕ್ಕೆ, ಕೊನೆಗೆ ಬರಿಯ ಅಸಹ್ಯಕ್ಕೂ ಇಳಿಯುವುದಾಗಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ತತ್ತ್ವಶಾಸ್ತ್ರಜ್ಞ ನೋಯೆಲ್ ಕ್ಯಾರಲ್ 1990ರ ‘ದಿ ಫಿಲಾಸಫಿ ಆಫ್ ಹಾರರ್’ನಲ್ಲಿ ರಾಕ್ಷಸನೆಂದರೆ ಅಪಾಯಕಾರಿಯೂ ಅಶುದ್ಧವೂ ಆದದ್ದು, ನಾವು ಮಾಡಿಕೊಂಡ ವಿಂಗಡಣೆಗಳಿಗೆ ಸಿಗದೆ ಸತ್ತೂ ಸಾಯದಂತೆ ಇರುವುದು ಎಂದು ವಿವರಿಸುತ್ತಾರೆ. ಅಸಹ್ಯವನ್ನು ಸಹಿಸಿಕೊಂಡು ಓದುವುದು ಆ ರಾಕ್ಷಸನ ಗುಟ್ಟನ್ನು ಅರಿಯುವ ಕುತೂಹಲಕ್ಕಾಗಿ ಎಂಬುದು ಅವರ ಉತ್ತರ. ಅದರಲ್ಲಿ ಸತ್ಯವಿದೆ, ಆದರೆ ಪೂರ್ಣ ಸತ್ಯವಿಲ್ಲ. ಗುಟ್ಟು ತಿಳಿದ ಮೇಲೂ ‘ಹಿಲ್ ಹೌಸ್’ ಅನ್ನು ಎರಡನೆಯ ಬಾರಿ ಓದುವವರಿದ್ದಾರೆ.

ಈ ಮರು ಓದಿನ ಸೆಳೆತವನ್ನು ಅರಿಯಲು ಧರ್ಮದ ಕಡೆ ನೋಡಬೇಕು. ಜರ್ಮನಿಯ ರುಡಾಲ್ಫ್ ಓಟ್ಟೊ 1917ರ ‘ದಾಸ್ ಹೈಲಿಗೆ’ಯಲ್ಲಿ ಪವಿತ್ರದ ಅನುಭವವನ್ನು ಒಟ್ಟಿಗೇ ನಡುಗಿಸುವ, ಒಟ್ಟಿಗೇ ಸೆಳೆಯುವ ರಹಸ್ಯವೆಂದು ಬಣ್ಣಿಸಿದ, ದೆವ್ವದ ಭಯವನ್ನು ಅದೇ ಅನುಭವದ ಒರಟು ಮೊದಲ ರೂಪವೆಂದ. ಅವನು ಎತ್ತಿಕೊಂಡ ಸಾಕ್ಷಿಗಳಲ್ಲಿ ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯವೂ ಒಂದು. ವಿಶ್ವರೂಪ ಕಂಡ ಅರ್ಜುನ ಒಂದೇ ಉಸಿರಿನಲ್ಲಿ ಹರ್ಷವನ್ನೂ ಭಯವನ್ನೂ ಹೇಳಿಕೊಂಡು, ಪರಿಚಿತ ರೂಪವನ್ನೇ ಮತ್ತೆ ತೋರಿಸೆಂದು ಬೇಡುತ್ತಾನೆ. ತುಳುನಾಡಿನ ಕೋಲದಲ್ಲಿ ದೈವದ ಮುಂದೆ ಕೈಮುಗಿದು ನಿಂತವರಿಗೆ ಈ ಬೆರಕೆಯನ್ನು ಯಾರೂ ವಿವರಿಸಬೇಕಿಲ್ಲ. ದೇವರ ಕಥೆ ಕೈಗೆಟುಕದ ಓದುಗನೂ ಹಾರರ್ ಕಾದಂಬರಿಯಲ್ಲಿ ಅದರ ನೆರಳನ್ನು ಹುಡುಕುತ್ತಿರಬಹುದು.

ಆದ್ದರಿಂದ ಈ ಪ್ರಕಾರದಲ್ಲಿ ಲೇಖಕನ ಶ್ರದ್ಧೆ ಕೃತಿಯ ಒಳಗಿನ ಸಂಗತಿಯಾಗುತ್ತದೆ, ವಿಮರ್ಶೆ ಅದನ್ನು ಹೇಳಬೇಕು. ವಿಲಿಯಂ ಪೀಟರ್ ಬ್ಲಾಟಿ ಕ್ಯಾಥೊಲಿಕ್. ಅವನ ‘ದಿ ಎಕ್ಸಾರ್ಸಿಸ್ಟ್’ (1971) ಮೈಮೇಲೆ ದೆವ್ವ ಬಂದ ಹುಡುಗಿಯ ಕಥೆಯೆಂದು ಹೆಸರಾದರೂ, ಅದರ ನಡುವಿನ ಪ್ರಶ್ನೆ ನಂಬಿಕೆ ಸೋರಿಹೋದ ಪಾದ್ರಿ ಕರಾಸ್‌ನದು. ಐರಾ ಲೆವಿನ್ ಸೈತಾನನನ್ನು ನಂಬಿದವನಲ್ಲ. ಆದರೂ ‘ರೋಸ್‌ಮೆರಿಸ್ ಬೇಬಿ’ (1967) ಓದಿದ ತಲೆಮಾರೊಂದರಲ್ಲಿ ಸೈತಾನನಲ್ಲಿ ನಂಬಿಕೆ ಬೆಳೆಯಿತೆಂದು ಕೊನೆಗಾಲದಲ್ಲಿ ಮರುಗಿದ. ಲೇಖಕನಿಗೆ ರೂಪಕವಾದದ್ದು ಓದುಗನಿಗೆ ವರದಿಯಾಗಬಹುದು ಎಂಬುದು ಅವನಿಗೆ ತಡವಾಗಿ ಕಂಡ ಸತ್ಯ.

ಕನ್ನಡದಲ್ಲಿ ಈ ಅಪಾಯ ದೂರದ್ದಲ್ಲ. ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿ ‘ತುಳಸಿದಳ’ ಕನ್ನಡಕ್ಕೆ ಬಂದು ಮನೆಮನೆಗಳಲ್ಲಿ ಓದಿಸಿಕೊಂಡಿತು, 1985ರಲ್ಲಿ ಕನ್ನಡ ಸಿನಿಮಾ ಕೂಡ ಆಯಿತು. ಪುಟ್ಟ ಹುಡುಗಿಯ ಮೇಲೆ ಮಾಟ ನಡೆಯುವ ಆ ಕಥೆಯ ಓಟ ಅಸಾಧಾರಣವಾದದ್ದು. ಓದುಗನನ್ನು ಪುಟದಿಂದ ಪುಟಕ್ಕೆ ಎಳೆದೊಯ್ಯುವ ಕಲೆಯಲ್ಲಿ ಅದಕ್ಕೆ ಸಾಟಿಯಾದ ಜನಪ್ರಿಯ ಕಾದಂಬರಿಗಳು ಕಡಿಮೆ. ಆದರೆ ಬಾಣಾಮತಿ ಮಾಡಿಸಿದಳೆಂದು ಹೆಂಗಸರನ್ನು ಹೊಡೆದ ಊರುಗಳಿರುವ, ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯಲು 2017ರಲ್ಲಿ ಕಾನೂನನ್ನೇ ಮಾಡಬೇಕಾಗಿ ಬಂದ ನಾಡಿನಲ್ಲಿ ಮಾಟದ ಕಥೆಯನ್ನು ಶಿಫಾರಸು ಮಾಡುವಾಗ ಒಂದು ಮಾತು ಹೆಚ್ಚು ಹೇಳಲೇಬೇಕು. ಅದು ಆ ಕಥೆಯನ್ನು ನಿಷೇಧಿಸಬೇಕೆಂಬ ಮಾತಲ್ಲ. ಇಲ್ಲಿ ಮಾಟವು ಕಥೆಯ ನಿಯಮ, ಲೋಕದ ಸುದ್ದಿಯಲ್ಲ ಎಂಬುದನ್ನು, ಹಾಗೆಯೇ ಆ ಕಥೆ ಯಾರ ಕಡೆ ಬೆರಳು ತೋರಿಸುತ್ತದೆ ಎಂಬುದನ್ನು ಹೇಳಬೇಕು.

ಬೆರಳು ತೋರುವ ಈ ಪ್ರಶ್ನೆಯನ್ನು ಬೃಹದಾರಣ್ಯಕ ಉಪನಿಷತ್ತು ಬುಡದಲ್ಲೇ ಹಿಡಿದಿದೆ. ಮೊದಲಿದ್ದ ಒಂಟಿ ಪುರುಷ ಹೆದರಿದ. ತನ್ನ ಹೊರತು ಬೇರೊಂದಿಲ್ಲ, ಮತ್ತೆ ಯಾರಿಗೆ ಹೆದರಲಿ ಎಂದು ಯೋಚಿಸಿದಾಗ ಅವನ ಭಯ ಹೋಯಿತು. ಭಯ ಹುಟ್ಟುವುದು ಎರಡನೆಯದರಿಂದ. ಹಾರರ್ ಕಾದಂಬರಿಗೆ ಎರಡನೆಯದೊಂದು ಬೇಕೇಬೇಕು. ಅದು ಯಾರು ಎಂಬುದರಲ್ಲಿ ಲೇಖಕನ ಮನಸ್ಸು ಬಯಲಾಗುತ್ತದೆ. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897) ಪೂರ್ವದಿಂದ ಲಂಡನ್ನಿಗೆ ಬರುವ ಪರದೇಶಿಯನ್ನು ರಕ್ತ ಹೀರುವವನಾಗಿಸಿತು. ಎಚ್. ಪಿ. ಲವ್‌ಕ್ರಾಫ್ಟ್‌ನ ‘ದಿ ಹಾರರ್ ಅಟ್ ರೆಡ್ ಹುಕ್’ ನ್ಯೂಯಾರ್ಕಿನ ವಲಸಿಗರ ಮೇಲಿನ ದ್ವೇಷವನ್ನೇ ಭಯವೆಂದು ಬಡಿಸುತ್ತದೆ. ಅಭಿನವಗುಪ್ತನ ಮಾತಿನಲ್ಲಿ ಹೇಳುವುದಾದರೆ ಆ ಭಯ ಲೇಖಕನ ಸ್ವಂತದ್ದಾಗಿಯೇ ಉಳಿದು ರಸವಾಗಲಿಲ್ಲ. 2016ರಲ್ಲಿ ಕಪ್ಪು ಲೇಖಕ ವಿಕ್ಟರ್ ಲವಾಲ್ ಅದೇ ಕಥೆಯನ್ನು ‘ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್’ ಎಂದು ಇನ್ನೊಂದು ಕಣ್ಣಿನಿಂದ ಬರೆದು ಆ ಬೆರಳನ್ನು ತಿರುಗಿಸಿದರು. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯವರು ಲವ್‌ಕ್ರಾಫ್ಟ್‌ನ ಮುಖದ ಪ್ರತಿಮೆಯನ್ನು ಕೈಬಿಡುವುದಾಗಿ 2015ರಲ್ಲಿ ಹೇಳಿದ್ದೂ ಇದೇ ವಿಚಾರದ ಭಾಗ.

ವಿಮರ್ಶೆ ಕಥೆಯನ್ನು ಎಷ್ಟು ಬಿಟ್ಟುಕೊಡಬೇಕು ಎಂಬುದು ಉಳಿದ ಪ್ರಶ್ನೆ. ಹೆನ್ರಿ ಜೇಮ್ಸನ ‘ದಿ ಟರ್ನ್ ಆಫ್ ದಿ ಸ್ಕ್ರೂ’ (1898) ದೆವ್ವವಿದೆಯೋ, ಕಂಡವಳ ಮನಸ್ಸು ಕೆಟ್ಟಿದೆಯೋ ಎಂಬ ತೂಗುಯ್ಯಾಲೆಯಲ್ಲೇ ಬದುಕಿದೆ. ವಿಮರ್ಶಕ ತ್ಸ್ವೆತಾನ್ ತೊದೊರೊವ್ ವಿಸ್ಮಯ ಸಾಹಿತ್ಯದ ಜೀವಾಳವೆಂದು ಕಂಡದ್ದು ಈ ಹಿಂಜರಿಕೆಯನ್ನೇ. ಅದನ್ನು ಯಾವುದಾದರೂ ಒಂದು ಕಡೆಗೆ ತೀರ್ಮಾನಿಸಿ ಬರೆದವನು ಓದುಗನಿಗೆ ಅನ್ಯಾಯ ಮಾಡುತ್ತಾನೆ. ಆದರೆ ಮಗುವಿನ ಸಾವು, ಆತ್ಮಹತ್ಯೆ, ಲೈಂಗಿಕ ಹಿಂಸೆ ಇದ್ದರೆ ಅವುಗಳ ಸುಳಿವು ಕೊಡುವುದು ಬೇರೆಯೇ ಮಾತು. ಸ್ವಂತ ದುಃಖದಲ್ಲಿ ಮುಳುಗಿರುವುದನ್ನು ಅಭಿನವಗುಪ್ತ ರಸಕ್ಕೆ ಅಡ್ಡಬರುವ ವಿಘ್ನಗಳಲ್ಲಿ ಒಂದೆಂದು ಎಣಿಸಿದ್ದಾನೆ. ಅದೇ ಗಾಯ ಹಸಿಯಿರುವವರಿಗೆ ಅಲ್ಲಿ ರಸ ಸಿಗದು, ನೋವು ಮಾತ್ರ ಸಿಕ್ಕೀತು. ಸುಳಿವು ಕೊಟ್ಟರೆ ಕೆಡುವಷ್ಟು ತೆಳುವಾದ ಭಯವನ್ನು ಕಾಪಾಡುವ ಹೊಣೆ ವಿಮರ್ಶಕನದಲ್ಲ.

ಈ ಅಳತೆಯಲ್ಲಿ, ಪ್ರಕಾರಕ್ಕೆ ಹೊಸಬರಾದವರು ‘ಫ್ರಾಂಕೆನ್‌ಸ್ಟೈನ್’ನಿಂದ ತೊಡಗುವುದು ಒಳ್ಳೆಯದು, ಅದರಲ್ಲಿ ಭಯಕ್ಕಿಂತ ಕರುಣೆ ಹೆಚ್ಚು. ನಿಧಾನದ ಓದು ಒಗ್ಗುವವರಿಗೆ ‘ಹಿಲ್ ಹೌಸ್’ ಎಲ್ಲಕ್ಕಿಂತ ಮೇಲು. ದೇವರು, ಕೆಡುಕು ಎಂಬ ಚಿಂತೆ ಕಾಡುವವರು ‘ದಿ ಎಕ್ಸಾರ್ಸಿಸ್ಟ್’ ಓದಲಿ, ಅದರ ಹೇಸಿಗೆಯ ಪುಟಗಳಿಗೆ ಸಿದ್ಧರಾಗಿ. ಕಿಂಗ್ ಅವರ ‘ಪೆಟ್ ಸೆಮೆಟರಿ’ (1983) ಸತ್ತ ಮಗುವನ್ನು ಮರಳಿ ತರುವ ತಂದೆಯ ಕಥೆ. ಅತಿ ಕರಾಳವೆನಿಸಿ ಬರೆದವರೇ ಅದನ್ನು ಕೆಲಕಾಲ ಅಚ್ಚಿಗೆ ಕೊಡದೆ ಇಟ್ಟುಕೊಂಡಿದ್ದರು. ಅದು ದೊಡ್ಡ ಕಾದಂಬರಿಯೇ ಹೌದು, ಆದರೆ ಮಗುವನ್ನು ಕಳೆದುಕೊಂಡವರ ಕೈಗೆ ಅದನ್ನು ಯಾರೂ ಕೊಡಬಾರದು.